ಒಂದೇ ಕಣದೊಳಗೆ ಎರಡು ಉಂಗುರ

ಕಣ್ಣಿಗೆ ಕಾಣದ್ದನ್ನು ನಂಬುವವಳು ನಾನಲ್ಲ. ಯಲಹಂಕದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಯಾರಾದರೂ ದೃಷ್ಟಿ, ಗಾಳಿ ಎಂದರೆ ನಗುತ್ತಿದ್ದೆ. ಈಗ ಹೇಳುವುದನ್ನು ಕೇಳಿ ನೀವು ನಕ್ಕರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮದು ಹುಣಸಮಾರನಹಳ್ಳಿಯ ಕೂಡು ಕುಟುಂಬ. ಮೈದುನನ ಹೆಂಡತಿ ಶೋಭಾ ಆ ಮನೆಗೆ ನನ್ನ ನಂತರ ಬಂದವಳು, ನನಗಿಂತ ಮೊದಲು ಬಸುರಿಯಾದಳು. ಮಂಗಳೂರಿನ ತನ್ನ ಅಕ್ಕನ ಮನೆಯಲ್ಲಿ ಕೆಲವು ದಿನ ಇದ್ದು ಬಂದವಳೇ ಸುಸ್ತು ಎಂದು ಮಲಗಿಬಿಟ್ಟಳು. ಜ್ವರವೇನೂ ಇರಲಿಲ್ಲ. ನಾನೇ ಅವಳ ರಕ್ತ ತೆಗೆದು ಪರೀಕ್ಷಿಸಿದೆ. ಹಿಮೋಗ್ಲೋಬಿನ್ ಇಳಿದಿತ್ತು, ಪ್ಲೇಟ್‌ಲೆಟ್ಟೂ ಕಡಿಮೆ.

"ಬಸ್ರಿ ಎಂಗ್ಸಿಗೆ ಇಂಗೆಲ್ಲಾ ಇದ್ದಿದ್ದೇ ಕಣಮ್ಮ, ನಿಂಗೇನ್ ಗೊತ್ತು" ಎಂದರು ಅತ್ತೆ.

ಆ ಕೊನೆಯ ಮಾತು ಚುಚ್ಚಿತು. ಶೋಭಾಳ ಪಕ್ಕ ಕೂತು ದಾಳಿಂಬೆ ಬಿಡಿಸಿ ಕೊಡುತ್ತಿದ್ದ ಅತ್ತೆಯನ್ನು ನೋಡಿ ಹೊಟ್ಟೆ ಉರಿಯಿತು. ನನಗೆ ಜ್ವರ ಬಂದಾಗ ಒಂದು ಲೋಟ ಗಂಜಿಗೂ ಗತಿಯಿರಲಿಲ್ಲ.

ಮರುದಿನ ಲ್ಯಾಬಿಗೆ ಸ್ಲೈಡಿಗೆ ಹಾಕುವ ಬಣ್ಣದ ಹೊಸ ಬಾಟಲಿ ಬಂತು. ಹೊಸ ಬಣ್ಣ ಬಂದಾಗ ನಮ್ಮಲ್ಲೇ ಒಬ್ಬರು ಬೆರಳು ಚುಚ್ಚಿಕೊಂಡು ಅದು ಸರಿಯಾಗಿ ಹಿಡಿಯುತ್ತದೆಯೇ ಎಂದು ನೋಡುವುದು ರೂಢಿ. ಆ ದಿನ ನನ್ನ ಸರದಿ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಫೋಕಸ್ ಸರಿಮಾಡಿ ಮತ್ತೆ ನೋಡಿದೆ. ಒಂದು ಕೆಂಪು ಕಣದೊಳಗೆ ಎರಡು ಪುಟ್ಟ ಉಂಗುರ, ಪಕ್ಕದಲ್ಲಿ ಅಂಚು ಹರಿದ ಬಿಳಿ ಕಣ. ಮಲೇರಿಯಾ ರೋಗಾಣು ಕಾಣುವುದೇ ಹಾಗೆ, ಕೆಂಪು ಕಣದೊಳಗೆ ಉಂಗುರದಂತೆ. ಜೊತೆಗೆ ಕೆಲಸ ಮಾಡುವ ಮಂಜುಳಾಳನ್ನು ಕರೆದೆ. ಅವಳು ಸ್ಲೈಡನ್ನೆಲ್ಲ ಜಾಲಾಡಿ, "ಏನೂ ಇಲ್ವಲ್ಲೇ, ಕ್ಲೀನಾಗಿದೆ" ಎಂದಳು. ಮತ್ತೆ ನೋಡಿದೆ. ನಿಜಕ್ಕೂ ಏನೂ ಇರಲಿಲ್ಲ.

ಆಗ ಶೋಭಾಳ ಪ್ಲೇಟ್‌ಲೆಟ್ ನೆನಪಾಯಿತು, ಮಲೇರಿಯಾ ಹೆಚ್ಚಿರುವ ಮಂಗಳೂರು ನೆನಪಾಯಿತು. ಅವಳ ರಕ್ತ ಇನ್ನೂ ಫ್ರಿಜ್ಜಿನಲ್ಲಿತ್ತು. ಅದೇ ಬಣ್ಣ ಹಾಕಿ ಸ್ಲೈಡ್ ಮಾಡಿದೆ. ಅದೇ ಜೋಡಿ ಉಂಗುರ, ಪಕ್ಕದಲ್ಲಿ ಅದೇ ಅಂಚು ಹರಿದ ಬಿಳಿ ಕಣ.

ಸಂಜೆ ಅವಳಿಗೆ ಜ್ವರ ಏರುವಷ್ಟರಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಿತ್ತು. ತಡವಾಗಿದ್ದರೆ ತಾಯಿ ಮಗು ಇಬ್ಬರಿಗೂ ಕಷ್ಟವಿತ್ತು ಎಂದರು ಡಾಕ್ಟರು.

ಆ ಮಗು ಈಗ ನನ್ನನ್ನು ದೊಡ್ಡಮ್ಮ ಎಂದು ಕರೆಯುತ್ತದೆ. "ಹೆಂಗ್ ಗೊತ್ತಾಯ್ತಕ್ಕ ನಿಮ್ಗೆ?" ಎಂದು ಶೋಭಾ ಕೇಳಿದಾಗಲೆಲ್ಲ "ಅನುಭವ ಕಣೆ" ಎಂದು ತೇಲಿಸಿಬಿಡುತ್ತೇನೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ನನ್ನ ರಕ್ತದ ಆ ಸ್ಲೈಡ್ ಡ್ರಾಯರಿನಲ್ಲೇ ಇದೆ, ಆಗಾಗ ತೆಗೆದು ನೋಡುತ್ತೇನೆ. ಒಂದು ಉಂಗುರವೂ ಕಾಣುವುದಿಲ್ಲ. ಮನೆಯವರೆಲ್ಲ ಅವಳ ಕಡೆ ಎಂದು ಕೊರಗುತ್ತಿದ್ದೆ. ಅವತ್ತು ನನ್ನ ರಕ್ತವೂ ಅವಳ ಕಡೆಯೇ ಸೇರಿಕೊಂಡದ್ದು ಹೇಗೆ ಎಂದು ಮಾತ್ರ ಇಂದಿಗೂ ತಿಳಿದಿಲ್ಲ.