ಬಿಳಿ ಕುದುರೆಯ ಕವಿ

ಲುಗೋಜ್ ಊರಿನ ಸೇತುವೆ ಪಕ್ಕ ಕ್ಷೌರದಂಗಡಿ ಇಟ್ಟಿದ್ದ ಪೊಂಪಿಲಿಯು ಕವಿತೆ ಬರೆಯುತ್ತಿದ್ದ. ಮಳೆಯ ಮೇಲೆ ಬರೆಯಲಿ, ಹೆಂಡತಿಯ ಮೇಲೆ ಬರೆಯಲಿ, ಸಾವಿನ ಮೇಲೇ ಬರೆಯಲಿ, ಎಲ್ಲಿಂದಲೋ ಒಂದು ಬಿಳಿ ಕುದುರೆ ಬಂದು ನಿಲ್ಲುತ್ತಿತ್ತು. ಅವನು ಹುಟ್ಟುವ ದಿನ ಹಿಮಗಾಳಿಯಲ್ಲಿ ತಾಯಿಯನ್ನು ಸೂಲಗಿತ್ತಿಯ ಮನೆಗೆ ಹೊತ್ತೊಯ್ದ ಕುದುರೆಯೇ ಅದಂತೆ. ಗಿರಾಕಿಗಳ ಮುಖಕ್ಕೆ ನೊರೆ ಹಚ್ಚಿ ಈ ಕಥೆ ಹೇಳುತ್ತಿದ್ದ. ಬಾಯಿ ತೆರೆಯಲಾಗದವರು ಕೇಳದೆ ಏನು ಮಾಡಿಯಾರು?

ಊರಿನ ಕವಿಕೂಟದಲ್ಲಿ ಎಲ್ಲರಿಗೂ ಇಂಥದೊಂದು ಗೀಳು ಇದ್ದೇ ಇತ್ತು. ಔಷಧಿ ಅಂಗಡಿಯ ಕೊರ್ನೇಲಿಯಾಗೆ ಪ್ರತಿ ಕವಿತೆಯಲ್ಲೂ ಒಂದು ಬಾವಿ ಬೇಕು. ಆದರೂ ಅವಳೇ ಇವನನ್ನು ರೇಗಿಸುತ್ತಿದ್ದಳು: “ಕುದುರೆಗೆ ಹುಲ್ಲು ಹಾಕಿದ್ಯೇನಯ್ಯಾ?”

ಏಪ್ರಿಲ್‌ನಲ್ಲಿ ಅವನಿಗೆ ಐವತ್ತು ತುಂಬಿದಾಗ ಕೂಟದವರು ಅವನ ಕವಿತೆಗಳದ್ದೇ ಒಂದು ಸಂಜೆ ಇಟ್ಟರು. ಹಳ್ಳಿಯಿಂದ ಅಕ್ಕ ವೆತುರಿಯಾ ಬಂದಳು. ತಮ್ಮನ ಕವಿತೆ ಅವಳು ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ತಡೆದುಕೊಂಡಳು. ಕುದುರೆ ಮತ್ತೆ ಬಂದಾಗ ಕೂತಲ್ಲಿಂದಲೇ ಕೇಳಿದಳು:

“ಪಿಲ್ಯೂ, ನಮ್ಮನೇಲಿ ಕುದುರೆ ಎಲ್ಲಿತ್ತೋ?”

“ನಾನು ಹುಟ್ಟೋವಾಗ, ಅಕ್ಕಾ... ಅಮ್ಮಾನೇ ಹೇಳಿದ್ಲಲ್ಲ.”

“ಅದು ಪಾದ್ರಿಗಳ ಕತ್ತೆ ಕಣೋ. ಹಗ್ಗ ಹಿಡ್ಕೊಂಡಿದ್ದೋಳು ನಾನು. ಅರ್ಧ ದಾರೀಲಿ ನಿಂತಿದ್ದು ಜಪ್ಪಯ್ಯ ಅಂದ್ರೂ ಕದಲಲಿಲ್ಲ. ನೀನು ಅಲ್ಲೇ ಪ್ಲಮ್ ಮರದಡಿ ಹುಟ್ಟಿದೆ. ಏಪ್ರಿಲ್‌ನಲ್ಲಿ ಎಲ್ಲೀ ಹಿಮ? ಮರದ ಹೂವು ಉದುರ್ತಿತ್ತು. ಸ್ಕೂಲಲ್ಲಿ ಹುಡುಗ್ರು ‘ಕತ್ತೆ ಮರಿ’ ಅಂತ ಆಡ್ಕೊಂಡಾಗ ನೀನು ಅತ್ತುಕೊಂಡು ಬಂದೆ. ಆವತ್ತು ಅಮ್ಮ ಅದನ್ನ ಕುದುರೆ ಮಾಡಿದ್ಲು.”

ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಪೊಂಪಿಲಿಯು ಕಾಗದ ಕೆಳಗಿಟ್ಟು ಅಕ್ಕನ ಪಕ್ಕ ಬಂದು ಕೂತ. ಅವಮಾನವಾಗಬೇಕಿತ್ತು, ಆಗಲಿಲ್ಲ. ಅಳುವ ಮಗನಿಗೆಂದು ಅಮ್ಮ ಒಂದು ಕುದುರೆಯನ್ನೇ ಹುಟ್ಟಿಸಿದ್ದಳಲ್ಲ ಎಂದು ಎದೆ ತುಂಬಿ ಬಂತು.

“ಕತ್ತೆ ನಿಂತಾಗ ಅಮ್ಮ ಏನಂದ್ಲು?”

“ನಕ್ಕಳು ಕಣೋ, ಆ ನೋವಲ್ಲೂ. ಇಳಿಯೋ ಜಾಗ ನನಗಿಂತ ಕತ್ತೆಗೇ ಚೆನ್ನಾಗಿ ಗೊತ್ತು ಅಂದ್ಲು.”

ಆ ಮಾತಿಗೆ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಮುಂದಿನ ವಾರ ಹೊಸ ಕವಿತೆ ಓದಿದ. ಕುದುರೆ ಬಿಳಿಯಾಗಿಯೇ ಇತ್ತು. ಆದರೆ ಕಿವಿಗಳು ಉದ್ದವಾಗಿದ್ದವು, ಹೂವು ಉದುರುವ ಮರದಡಿ ಹಟ ಹಿಡಿದು ನಿಂತಿತ್ತು. ಅವನಿಗೆ ಅಷ್ಟು ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ.

ಬೇಸಿಗೆಯಲ್ಲಿ ಕೂಟದವರೆಲ್ಲ ಬಸ್ಸು ಹತ್ತಿ ಆ ಹಳ್ಳಿಗೆ ಹೋದರು. ವೆತುರಿಯಾ ಎಲೆಕೋಸಿನ ಸುರುಳಿ ಬಡಿಸಿ ಪ್ಲಮ್ ಸಾರಾಯಿ ಸುರಿದಳು. ಕೊರ್ನೇಲಿಯಾ ಕಂಡ ಬಾವಿಗಳನ್ನೆಲ್ಲ ಬಗ್ಗಿ ನೋಡಿದಳು. ಅಕ್ಕತಮ್ಮಂದಿರು ಮಾತ್ರ ಅವನು ಹುಟ್ಟಿದ ಜಾಗ ಹುಡುಕಿ ದಾರಿಯುದ್ದಕ್ಕೂ ಪ್ಲಮ್ ಮರದಿಂದ ಮರಕ್ಕೆ ನಡೆಯುತ್ತ, ಇದಲ್ಲ ಅದು, ಅದಲ್ಲ ಇದು ಎಂದು ಜಗಳವಾಡಿದರು.