ಮಾಸ್ತರರಿಗೆ ಉಳಿಯದ ಬೆರಳು

ಮೌಲಾಸಾಬ ಮಾಸ್ತರರು ನನ್ನ ಬೆರಳುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಎಡಗೈ ಕಿರುಬೆರಳು ಡ್ರಮ್ಮಿನ ಖಾಸಿಂ, ಅದರ ಪಕ್ಕದ್ದು ಕುರುಗೋಡಿನ ಹುಲುಗಪ್ಪ, ಬಲಗೈಯ ಮೂರು ಬೆರಳು ಕ್ಲಾರಿನೆಟ್ಟಿನ ಅಣ್ಣತಮ್ಮಂದಿರು. ಪಿಯಾನೊ ಮೇಲೆ ಒಂದು ಬೆರಳು ಹಿಂದೆ ಬಿದ್ದರೆ, "ಟೀಚರಮ್ಮ, ಖಾಸಿಂ ಮಲಗ್ಯಾನ, ಎಬ್ಬಸ್ರಿ" ಅನ್ನುವರು. ಆ ಹೆಸರಿನವರಲ್ಲಿ ಯಾರೂ ಬದುಕಿರಲಿಲ್ಲ.

ಬಳ್ಳಾರಿಯ ಮದುವೆ ಮೆರವಣಿಗೆ ಎಂದರೆ ಮಾಸ್ತರರ ಬ್ಯಾಂಡು. ಮುಂದೆ ನಿಂತು ಟ್ರಂಪೆಟ್ಟಿನಲ್ಲಿ ಹಾಡು ಊದುವವರು ಅವರು, ಹಿಂದಿನಿಂದ ತುಂಬುವವರು ಏಳು ಮಂದಿ. ದೇಶನೂರಿನ ಒಂದು ಮದುವೆಗೆ ಜ್ವರವೆಂದು ಅವರು ಹೋಗಲಿಲ್ಲ. ವಾಪಸಾಗುವಾಗ ಟೆಂಪೊ ಕಾಲುವೆಗೆ ಬಿತ್ತು. ಏಳೂ ಮಂದಿ ಹೋದರು.

ಕೆಲವು ತಿಂಗಳ ಮೇಲೆ ಮಾಸ್ತರರು ಗಾಂಧಿನಗರದ ನಮ್ಮ ಮನೆಗೆ ಬಂದು, ನಾನು ಮಕ್ಕಳಿಗೆ ಪಾಠ ಹೇಳುವ ಪಿಯಾನೊ ತೋರಿಸಿ, "ಬ್ಯಾಂಡ್ ಪೂರಾ ಇದರಾಗ ಇಳಸ್ರಿ. ವರ್ಷಕ್ಕೊಮ್ಮಿ ಅವ್ರ ಮನ್ಯಾಗಿನವ್ರು ಕೂತು ಕೇಳ್ಲಿ" ಎಂದರು.

ಒಬ್ಬೊಬ್ಬರು ನುಡಿಸುತ್ತಿದ್ದುದನ್ನೂ ಬಾಯಲ್ಲಿ ಹೇಳುವರು, ನಾನು ಬರೆದುಕೊಳ್ಳುವೆ. ಇಂಥ ಕೆಲಸದಲ್ಲಿ ಹಿಡಿಯುವುದಕ್ಕಿಂತ ಬಿಡುವುದೇ ಹೆಚ್ಚು.

"ಹತ್ತು ಬೆರಳಾಗ ಎಲ್ಲಾರೂ ಹಿಡ್ಯಂಗಿಲ್ರಿ ಮಾಸ್ತರ. ಒಬ್ಬರನ್ನ ಬಿಡಬೇಕು."

"ಯಾರನ್ನ? ನೀವ ಅವ್ರ ಮನಿಗೆ ಹೋಗಿ ಹೇಳಿ ಬರ್ರಿ."

ಹುಲುಗಪ್ಪನದು ದಪ್ಪ ತುತ್ತೂರಿಯಲ್ಲಿ ಒಂದೇ ಪೋಂ ಪೋಂ. ಯಾರಿಗೆ ಗೊತ್ತಾದೀತು ಎಂದು ಒಮ್ಮೆ ಅದನ್ನು ಬಿಟ್ಟು ನುಡಿಸಿದೆ. ಮಾಸ್ತರರು ಟೋಪಿ ಎತ್ತಿಕೊಂಡು ಎದ್ದರು. "ಆ ಒಂದು ಪೋಂಗ ಅವ ಕುರುಗೋಡಿಂದ ಬಸ್ ಹತ್ತಿ ಬರ್ತಿದ್ದ, ಟೀಚರಮ್ಮ."

ಆಮೇಲೆ ವಾರವಿಡೀ ಈ ಕಡೆ ಸುಳಿಯಲಿಲ್ಲ. ಬಂದವರು ಬಾಗಿಲಲ್ಲೇ ನಿಂತು ಹೇಳಿದರು: "ನನ್ನ ಟ್ರಂಪೆಟ್ ತೆಗೀರಿ. ಅವತ್ತೂ ನಾ ಅವ್ರ ಸಂಗಾಟ ಇರ್ಲಿಲ್ಲ."

"ಹಾಡ ಹೋಗತೈತಲ್ರಿ?"

"ನಾ ಬದುಕೀನಲ್ಲ. ಬಾಜೂಕ ನಿಂತು ಊದ್ತೀನಿ."

ಹಾಗೆಯೇ ಕೆಲವು ವರ್ಷ ನಡೆಯಿತು. ಪಡಸಾಲೆಯಲ್ಲಿ ಏಳು ಮನೆಯವರು ಕೂರುವರು, ನಾನು ನುಡಿಸುವೆ, ಮಾಸ್ತರರು ಗೋಡೆಗೆ ಒರಗಿ ಊದುವರು. ಉಸಿರು ಸಾಲದೆ ಕೊರಳ ನರ ಉಬ್ಬುತ್ತಿತ್ತು. ನೋಡಲು ಸಂಕಟವಾಗುತ್ತಿತ್ತು, ಆದರೆ ಕೂರಿ ಅಂದರೆ ಕೇಳುವ ಆಸಾಮಿಯಲ್ಲ.

ಈ ಸಲ ಅವರಿಲ್ಲ. ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಆದರೂ ಏಳು ಮನೆಯವರು ಬಂದು ಕೂತರು, ನಾನು ನುಡಿಸಿದೆ. ಏಳೂ ಮಂದಿ ನನ್ನ ಬೆರಳುಗಳಲ್ಲಿ ತಮ್ಮ ತಮ್ಮ ಜಾಗದಲ್ಲಿದ್ದರು. ಹಾಡು ಮಾತ್ರ ಇರಲಿಲ್ಲ, ಮದುಮಗನಿಲ್ಲದ ಮೆರವಣಿಗೆಯ ಹಾಗೆ. ನಡುವೆಯೇ ಹುಲುಗಪ್ಪನ ಹೆಂಡತಿ ಎದ್ದು ಬಂದು ನನ್ನ ಎಡಗೈ ಮೇಲೆ ಕೈ ಇಟ್ಟಳು.

"ನಮ್ಮನಿಯವ್ರನ್ನ ತೆಗೀರಮ್ಮ. ಮಾಸ್ತರಗ ಜಾಗ ಆಗ್ಲಿ."

ಹುಲುಗಪ್ಪನ ಬೆರಳು ಎತ್ತಿದೆ. ಒಂದು ಪೋಂಗೆ ಕುರುಗೋಡಿನಿಂದ ಬಸ್ ಹತ್ತಿ ಬರುತ್ತಿದ್ದವನ ಬೆರಳನ್ನು ಮಾಸ್ತರರ ಹಾಡಿನ ಮೇಲೆ ಇಳಿಸಲು ನನ್ನಿಂದ ಆಗಲಿಲ್ಲ.