ನೆಲದ ಬಾಯಿಗೆ ನೀರು

ದೇವಪ್ಪನ ಕೆಲಸವೇನೆಂದು ಯಾರನ್ನು ಕೇಳಿದರೂ, "ಮಣ್ಣಿಗೆ ನೀರು ಹಾಕ್ತಾನ" ಎಂದು ನಗುತ್ತಿದ್ದರು. ಗಿಡವಿಲ್ಲ, ಬಳ್ಳಿಯಿಲ್ಲ, ಬರೀ ಮಣ್ಣು! ರೋಣ, ನರಗುಂದಗಳ ನಡುವಿನ ಸಣ್ಣ ಪೇಟೆಯೊಂದರ ತಾರು ಕಚೇರಿಯ, ಅಂದರೆ ಟೆಲಿಗ್ರಾಫ್ ಆಫೀಸಿನ, ಹಿತ್ತಲಲ್ಲಿ ಕುಣಿ ತೋಡಿ ಒಂದು ತಾಮ್ರದ ಹಾಳೆಯನ್ನು ಇದ್ದಿಲು, ಉಪ್ಪಿನ ಜೊತೆ ಹುಗಿದಿದ್ದರು. ಕಂಬಗಳ ಮೇಲಿದ್ದದ್ದು ಒಂದೇ ತಂತಿ. ಅದರಲ್ಲಿ ಹೋದ ಕರೆಂಟು ನೆಲದೊಳಗಿಂದಲೇ ಮರಳಿ ಬರಬೇಕು, ಅದಕ್ಕೆ ಹಾಳೆಯ ಸುತ್ತಿನ ಮಣ್ಣು ಹಸಿಯಾಗಿರಬೇಕು. ತಾರು ಮಾಸ್ತರ ಜಯತೀರ್ಥರಾಯರು ಇಷ್ಟನ್ನು ಅವನಿಗೆ ಹೇಳಿಕೊಟ್ಟಿದ್ದರು. ಊರಿನ ಬಾವಿ ತಳ ಕಂಡ ಬೇಸಿಗೆಯಲ್ಲೂ ದೇವಪ್ಪನ ಕೊಡ ತಪ್ಪಿರಲಿಲ್ಲ.

"ನನಗಿಂತ ಆ ಕುಣೀನ ನಿಮಗ ಹೆಚ್ಚು" ಎಂದು ಹೆಂಡತಿ ಶಂಕ್ರವ್ವ ಕಾಡಿಸುತ್ತಿದ್ದಳು.

ಸಾವಿರದ ಒಂಬೈನೂರ ಐವತ್ನಾಲ್ಕರ ಬೇಸಿಗೆಯಲ್ಲಿ ಶಂಕ್ರವ್ವನ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಅವಳ ಅಣ್ಣ, ಶಿರೋಳದ ಗೋಣೆಪ್ಪ, ಮಿರಜಿನ ದವಾಖಾನೆಗೆ ಕರೆದೊಯ್ಯಲು ಬಂದ. ದೇವಪ್ಪ ಹೋಗಲಿಲ್ಲ. ತಾನಿಲ್ಲದಿದ್ದರೆ ಕುಣಿಗೆ ನೀರು ಹಾಕುವವರು ಯಾರು ಎಂಬ ಮೊಂಡು ಅವನದು.

"ಕರದ್ರ ಬರ್ತೀರಿಲ್ಲೋ?" ಬಸ್ಸು ಹತ್ತುವಾಗ ಶಂಕ್ರವ್ವ ಕೇಳಿದಳು.

"ಒಂದು ತಾರು ಕೊಡಸು, ಓಡಿ ಬರ್ತೀನಿ. ಊರಾಗ ಎಲ್ಲಾರಿಗಿಂತ ಮೊದಲ ನನಗ ತಿಳೀತದ."

ಅವಳು ಹೋದ ಮೇಲೆ ಬಿಸಿಲು ಇನ್ನೂ ಏರಿತು. ಎರೆಮಣ್ಣು ಒಣಗಿ ಕುಗ್ಗಿ, ಕುಣಿಯ ಸುತ್ತ ಬಳೆಯಂತೆ ಒಂದು ಬಿರುಕು ಬಿಟ್ಟಿತು. ದೇವಪ್ಪನಿಗೆ ಅಯ್ಯೋ ಎನಿಸಿತು. ಬಾಯಿ ಬಿಟ್ಟವರ ಬಾಯಿಗೇ ನೀರು ಹಾಕುವುದು ಅವನಿಗೆ ಗೊತ್ತಿದ್ದ ರೀತಿ. ಕೊಡವನ್ನು ಆ ಬಿರುಕಿನೊಳಗೇ ಬಗ್ಗಿಸಿದ. ನೆಲ ಗಟಗಟ ಕುಡಿಯಿತು. ತನಗೆ ಇಟ್ಟುಕೊಂಡಿದ್ದ ನೀರನ್ನೂ ತಂದು ಹಾಕಿದ.

ಕಚೇರಿಯೊಳಗಿನ ತಾರು ಯಂತ್ರದ ಸದ್ದು ದಿನದಿಂದ ದಿನಕ್ಕೆ ಸಣ್ಣಗಾಗಿ, ಒಂದು ಬೆಳಿಗ್ಗೆ ನಿಂತೇಹೋಯಿತು.

"ಎಲ್ಲೋ ತಂತಿ ಹರದಿರಬೇಕು, ನೋಡಿ ಬಾರಪಾ" ಎಂದರು ರಾಯರು.

ಯಾವಗಲ್ ಊರಿನ ದಾರಿಯುದ್ದಕ್ಕೂ ಕತ್ತೆತ್ತಿ ನಡೆದ ದೇವಪ್ಪ. ತಂತಿಗೆ ಏನೂ ಆಗಿರಲಿಲ್ಲ. ಕುತ್ತಿಗೆ ನೋಯಿಸಿಕೊಂಡು ಸಂಜೆಗೆ ಮರಳಿದ.

ರಾಯರು ಹೇಳಿಕಳಿಸಿದ್ದರಿಂದ ಮರುದಿನದ ಬಸ್ಸಿಗೆ ಬಂದ ತಾರು ಖಾತೆಯ ಮಿಸ್ತ್ರಿ ಪರಶಪ್ಪ ಮೇಲೆ ನೋಡಲೇ ಇಲ್ಲ. ಹಿತ್ತಲಿಗೆ ಹೋಗಿ ಬಿರುಕಿನಲ್ಲಿ ಕೋಲು ಇಳಿಬಿಟ್ಟ.

"ಇದರಾಗ ನೀರು ಹಾಕಿದವ ಯಾರು?"

"ನಾನ್ರಿ."

"ಆ ನೀರು ಪಾತಾಳ ಸೇರ್ತು, ಹಾಳಿ ಒಣಗೇ ಉಳೀತು. ಕರೆಂಟ್ ಏನು ಬಿರುಕ ಜಿಗೀತದೇನೋ? ಒಂದು ಕಡೆ ಬಿರುಕಿದ್ರ ಸುತ್ತು ಹಾಕಿ ಬರ್ತದ, ಸಪ್ಪಳ ಸಣ್ಣಾಗ್ತದ. ಇಲ್ಲಿ ಸುತ್ತಲೂ ಬಿಟ್ಟದ. ಅದು ಯಾ ಕಡಿಂದ ಬರಬೇಕು ಹೇಳು."

ಬಿರುಕಿಗೆ ಹಸಿ ಮಣ್ಣು ತುಂಬಿ, ತುಳಿದು, ನಡುವೆ ಹಾಳೆಯ ಮೇಲೆ ನೀರು ಹಾಕಿಸಿದ. ತುಸು ಹೊತ್ತಿಗೆ ಒಳಗೆ ಯಂತ್ರ ಕಟಕಟ ಎಂದಿತು. ಆಚೆ ತುದಿಯಲ್ಲಿ ಕೂಡಿಬಿದ್ದಿದ್ದ ತಾರುಗಳು ಒಂದರ ಬೆನ್ನಿಗೊಂದು ಬಂದವು. ಬರೆಯುತ್ತಿದ್ದ ರಾಯರ ಸೀಸಕಡ್ಡಿ ನಿಂತಿತು.

"ದೇವಪ್ಪಾ, ಕೂಡು."

ಮೊದಲನೆಯದು, ಶಂಕ್ರವ್ವ ಕರೆಯುತ್ತಿದ್ದಾಳೆ, ಲಗೂ ಬಾ. ಎರಡನೆಯದು, ಮುಗಿಯಿತು. ಎರಡೂ ಗೋಣೆಪ್ಪ ಕಳಿಸಿದವು. ರಾಯರು ಎರಡನ್ನೂ ಒಂದೇ ಉಸಿರಿಗೆ ಓದಿಬಿಟ್ಟರು, ಪಾಪ, ನಡುವೆ ನಿಲ್ಲುವ ಧೈರ್ಯ ಅವರಿಗಿರಲಿಲ್ಲ. ದೇವಪ್ಪ ಕೂಡಲಿಲ್ಲ, ಅಳಲೂ ಇಲ್ಲ. ಕಾಲಿಗೆ ಮೆತ್ತಿದ್ದ ಕೆಸರನ್ನು ನೋಡುತ್ತ ನಿಂತ. ಅವನಿಗೆ ಏನೂ ಅನಿಸಲಿಲ್ಲ, ಹಾಗೆ ಏನೂ ಅನಿಸದಿದ್ದದ್ದೇ ದೊಡ್ಡ ಹೆದರಿಕೆಯಾಯಿತು.

ಗೋಣೆಪ್ಪ ಮಿರಜಿನಲ್ಲೇ ಮಣ್ಣು ಮಾಡಿ, ಅವಳ ಸೀರೆ, ಮೂಗುಬೊಟ್ಟು ಹಿಡಿದುಕೊಂಡು ಬಂದ. ದೇವಪ್ಪ ಕೇಳಿದ್ದು ಒಂದೇ ಮಾತು.

"ಭಾವ, ಬಾಯಾಗ ನೀರು ಯಾರು ಬಿಟ್ರು?"

ಗೋಣೆಪ್ಪ ಸೀರೆಯನ್ನು ಅವನ ಕೈಗಿಟ್ಟ. "ನಾನ ಬಿಟ್ಟೆ. ನೀ ಬರ್ತೀ ಅಂತ ಹಲ್ಲು ಕಚ್ಚಿ ಹಿಡದಿದ್ಲು. ಒಳಗ ಇಳೀಲಿಲ್ಲ ದೇವಪ್ಪಾ. ಕಟವಾಯಿಂದ ಹೊರಗ ಹರೀತು."

ದೇವಪ್ಪ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಎಂದಿನಂತೆ ಕೊಡ ಹೊತ್ತು ಹಿತ್ತಲಿಗೆ ಬಂದ. ಮತ್ತೆ ತುಸು ಬಾಯಿ ಬಿಟ್ಟಿದ್ದ ಮಣ್ಣನ್ನು ಮೊದಲು ಹಿಮ್ಮಡಿಯಿಂದ ತುಳಿದು ಮುಚ್ಚಿದ. ಆಮೇಲೆ ನಡುವೆ ನೀರು ಹಾಕಿದ. ಕೊಡ ಖಾಲಿಯಾದ ಮೇಲೂ ಬಾವಿಯ ಕಡೆ ಹೊರಟವನನ್ನು ಕಂಡು ರಾಯರು ಕಿಟಕಿಯಿಂದ ಕೂಗಿದರು.

"ಸಾಕೋ ದೇವಪ್ಪಾ, ಚಲೋ ಕೇಳಸ್ತದ."

"ಇನ್ನೊಂದು ಹಾಕ್ತೀನ್ರಿ" ಎಂದ ದೇವಪ್ಪ. "ಯಾರರ ಕರೀತಿರ್ತಾರ."